ಈ ಮೀನು ಯಾರ ಲೆಕ್ಕಕ್ಕೆ?

ಹೋದ ಶನಿವಾರ ಅರಸೀಕೆರೆಯಲ್ಲಿ ನೇಪಾಳ ಸೋತಿತು. ಕ್ರಿಕೆಟ್ಟಿನಲ್ಲಲ್ಲ, ವಿಜ್ಞಾನದಲ್ಲಿ.

ಸೋಲಿಸಿದವನು ನನ್ನ ಗೆಳೆಯ ರುದ್ರೇಶ. ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪಾರ್ಟ್‌ಟೈಮ್ ಲೆಕ್ಚರರ್. ಅವತ್ತು ಅಲ್ಲಿ ಸೆಮಿನಾರು. ಅವನ ವಿಷಯ, ಸಣ್ಣಪುಟ್ಟ ಬಡ ದೇಶಗಳಲ್ಲಿ ಯಾರು ಎಷ್ಟು ಸಂಶೋಧನಾ ಪೇಪರ್ ಬರೆಯುತ್ತಾರೆ ಎಂಬುದು. (ಅರಸೀಕೆರೆಗೆ ಯಾಕೆ ಬೇಕಿತ್ತು ಅನ್ನಬೇಡಿ. ವಿಷಯ ಕೊಟ್ಟವರು ಅವನ ಪಿಎಚ್‌ಡಿ ಗೈಡ್, ಬೆಂಗಳೂರಿನ ಪ್ರೊಫೆಸರ್. ಮುಖ್ಯ ಅತಿಥಿಯೂ ಅವರೇ. ಥೀಸಿಸ್‌ಗೆ ಅವರ ಸಹಿ ಬೀಳುವ ತನಕ ಚಂದ್ರಲೋಕದ ಬಗ್ಗೆ ಮಾತಾಡು ಅಂದರೂ ರುದ್ರೇಶ ಮಾತಾಡಬೇಕು.)

"ಹಾಲ್ ಖಾಲಿ ಹೊಡೆದ್ರೆ ಮರ್ಯಾದೆ ಹೋಗುತ್ತೆ ಕಣೋ. ಯಾರನ್ನಾದ್ರೂ ಕರ್ಕೊಂಡು ಬಾ" ಎಂದಿದ್ದ. ನಮ್ಮ ಮನೆಯಲ್ಲಿ ಆಗ ನನ್ನ ತಂಗಿಯ ಗೆಳತಿ ಸುನಿತಾ ಇದ್ದರು. ನೇಪಾಳದವರು. ಬೆಂಗಳೂರಿಗೆ ಯಾವುದೋ ಟ್ರೈನಿಂಗ್‌ಗೆ ಬಂದು, ಬೇಲೂರು-ಹಳೇಬೀಡು ನೋಡಲು ನಮ್ಮಲ್ಲಿ ಇಳಿದುಕೊಂಡಿದ್ದರು. ಅವರನ್ನೇ ಕರೆದುಕೊಂಡು ಹೋದೆ. ಯಾವ ದೇಶದವರು ಎಂದು ರುದ್ರೇಶನಿಗೆ ಹೇಳುವಷ್ಟು ಪುರುಸೊತ್ತು ಸಿಗಲಿಲ್ಲ.

ಭಾಷಣ ಇಂಗ್ಲಿಷಿನಲ್ಲಿ. (ಪ್ರೊಫೆಸರ್ ಬಂದಿದ್ದರಲ್ಲ!) ತೆಂಗಿನಕಾಯಿಯನ್ನು ಗಾತ್ರ ನೋಡಿ ಬೇರೆ ಮಾಡುವ ಹಾಗೆ ರುದ್ರೇಶ ಪರದೆಯ ಮೇಲೆ ದೇಶಗಳನ್ನು ಸಾಲಾಗಿ ನಿಲ್ಲಿಸಿದ. ಗ್ರಾಫಿನಲ್ಲಿ ಶ್ರೀಲಂಕಾದ ಕಂಬ ಎತ್ತರ. ನೇಪಾಳದ್ದು ಮೋಟು. "ಇಂಥ ಕಡೆ ಸಂಶೋಧನಾ ಮನೋಭಾವವೇ ಕಮ್ಮಿ" ಎಂದು ತೀರ್ಪನ್ನೂ ಕೊಟ್ಟ. ಪ್ರೊಫೆಸರ್ ಮೆಚ್ಚಿ ತಲೆಯಾಡಿಸಿದರು.

ಸುನಿತಾ ಎದ್ದು ನಿಂತರು. "ಆ ಮೋಟು ಕಂಬದ ಕಡೆಯವಳು ನಾನು" ಎಂದರು ನಗುತ್ತಲೇ.

ಆಗ ರುದ್ರೇಶ ನನ್ನ ಕಡೆ ಬೀರಿದ ನೋಟವನ್ನು ಮರ್ಯಾದಸ್ಥರ ಪತ್ರಿಕೆಯಲ್ಲಿ ವರ್ಣಿಸುವಂತಿಲ್ಲ.

"ನಾನು ಮೀನುಗಳ ಬಗ್ಗೆ ಓದಿದ್ದು ಜಪಾನಿನಲ್ಲಿ" ಎಂದು ಸುನಿತಾ ಮುಂದುವರಿಸಿದರು. "ಹೊಳೆ ನಮ್ಮದು, ಮೀನು ನಮ್ಮದು, ಹಿಮದ ನೀರಿನಲ್ಲಿ ನಿಂತು ಮರಗಟ್ಟಿದ ಕಾಲು ನನ್ನದು. ಪೇಪರಿನ ಮೇಲೆ ಮಾತ್ರ ಜಪಾನಿನ ಲ್ಯಾಬಿನ ವಿಳಾಸ. ನಿಮ್ಮ ಲೆಕ್ಕದಲ್ಲಿ ಅದು ಯಾವ ದೇಶದ್ದು ಸರ್?"

'ಗುಡ್ ಕ್ವೆಶ್ಚನ್' ಅಂದು ಮುಗಿಸಬಹುದಿತ್ತು. ಸೆಮಿನಾರುಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ ತಾನೆ? ಇವನು ಕನ್ನಡಕ ತೆಗೆದ. ಇಂಗ್ಲಿಷನ್ನೂ ಬಿಟ್ಟ.

"ಜಪಾನಿಂದೇ ಮೇಡಂ. ನಂದೂ ಹಂಗೇ ಆಗೈತೆ. ಹಳೇಬೀಡಿನ ಕೆರೆಗಿಳಿದು ಮೀನು ಹಿಡಿದು, ಅಳೆದು, ಬರೆದೋನು ನಾನು. ಪೇಪರಲ್ಲಿ ನನ್ನ ಹೆಸರೂ ಇಲ್ಲ, ನಮ್ಮೂರ ಹೆಸರೂ ಇಲ್ಲ. ಎಲ್ಲ ಬೆಂಗಳೂರಿನ ಲೆಕ್ಕಕ್ಕೆ ಹೋಯ್ತು."

ನಾನು ಸುನಿತಾರ ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಪ್ರೊಫೆಸರ್ ಕೊರಳಿನ ಹಾರ ಸರಿಮಾಡಿಕೊಂಡರು. "ಅದೆಲ್ಲ ಟೆಕ್ನಿಕಲ್ ವಿಷಯ. ಊಟ ಆದ್ಮೇಲೆ ಮಾತಾಡೋಣ."

ಊಟದ ಹೊತ್ತಿಗೆ ಅವರ ಕಾರೇ ಇರಲಿಲ್ಲ.

"ನೀನು ಹೇಳಿದ್ದು ತಪ್ಪಲ್ಲ ಕಣಯ್ಯ" ಎಂದರು ಪ್ರಿನ್ಸಿಪಾಲರು. "ಆದ್ರೆ ಅವರಿಗೋಸ್ಕರ ಹೋಳಿಗೆ ಮಾಡಿಸಿದ್ವಿ. ಉಂಡ ಮೇಲೆ ಹೇಳಬಾರದಿತ್ತಾ?"

ರುದ್ರೇಶ ಹೋಳಿಗೆ ಮುಟ್ಟಲಿಲ್ಲ. "ಥೀಸಿಸ್ ಹೋಯ್ತು ಕಣೋ. ಇಷ್ಟು ವರ್ಷ ಕಾದಿದ್ದಾಳೆ ನನ್ನ ಹೆಂಡ್ತಿ. ಅವಳಿಗೆ ಏನಂತ ಹೇಳ್ಲಿ?" ಎಂದ. ಸುನಿತಾ ಇನ್ನೊಂದು ಹೋಳಿಗೆ ಹಾಕಿಸಿಕೊಂಡು, "ನಾಳೆ ಆ ಕೆರೆ ತೋರಿಸಿ" ಎಂದರು.

ಮರುದಿನ ಮೂವರೂ ಹಳೇಬೀಡಿನ ಬಸ್ಸು ಹತ್ತಿದೆವು. ನಾನು ಸುನಿತಾರನ್ನು ದೇವಸ್ಥಾನದ ಕಡೆ ಕರೆದುಕೊಂಡು ಹೊರಟರೆ ರುದ್ರೇಶ ಅಡ್ಡ ಬಂದ. "ಗೋಡೆ ಮೇಲಿನ ಆನೆ ಎಲ್ಲಿಗೂ ಹೋಗಲ್ಲ ಮೇಡಂ. ಇದು ಬಲೆ ಎತ್ತೋ ಹೊತ್ತು, ಬನ್ನಿ." ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನಿನ ರೆಕ್ಕೆ, ಬಾಲ ಎಂದು ವಾದಕ್ಕಿಳಿದರು. ರುದ್ರೇಶ ಹಿಂದಿನ ದಿನದಿಂದ ಮೊದಲ ಸಲ ನಕ್ಕ. ನಾನು ಇಬ್ಬರ ಚಪ್ಪಲಿ ಹಿಡಿದುಕೊಂಡು ದಡದಲ್ಲಿ ನಿಂತಿದ್ದೆ. (ವಿಜ್ಞಾನದವರು ನನ್ನಂಥ ಸಾಹಿತ್ಯದವರಿಗೆ ಕೊಡುವ ಸ್ಥಾನ ಅದೇ.) ವಾಪಸ್ ಬರುವಾಗ ಬಸ್ಸಿನಲ್ಲೇ ತೀರ್ಮಾನವಾಯಿತು. ಅವರ ಬೆಟ್ಟದ ಹೊಳೆಯ ಮೀನು, ಇವನ ಕೆರೆಯ ಮೀನು ಹೋಲಿಸಿ ಇಬ್ಬರೂ ಸೇರಿ ಒಂದು ಪೇಪರ್ ಬರೆಯುವುದು. ತಮ್ಮ ತಮ್ಮ ಊರಿನ ವಿಳಾಸ ಹಾಕಿಯೇ.

ಮೊನ್ನೆ ರುದ್ರೇಶನ ಮನೆಯಲ್ಲಿದ್ದೆ. ಪ್ರೊಫೆಸರ್ ಫೋನ್ ಬಂತು. ರುದ್ರೇಶ ರಿಸೀವರನ್ನು ನನ್ನ ಕಿವಿಗೂ ಕೇಳುವಂತೆ ಹಿಡಿದ.

"ಮುಂದಿನ ಪೇಪರಿನಲ್ಲಿ ನಿನ್ನ ಹೆಸರು ಸೇರಿಸೋಣಪ್ಪ."

"ಊರಿನ ಹೆಸರೂ ಹಾಕಿ ಸಾರ್."

"ಅರಸೀಕೆರೆ ಅಂದ್ರೆ ಜನಕ್ಕೆ ರೈಲ್ವೆ ಜಂಕ್ಷನ್ ನೆನಪಾಗುತ್ತೆ ಕಣಯ್ಯ, ಸೈನ್ಸ್ ಅಲ್ಲ."

"ಹೌದು ಸಾರ್. ಅದಕ್ಕೇ ಇಲ್ಲಿ ಹತ್ತಿದ್ದೆಲ್ಲ ಬೆಂಗಳೂರಲ್ಲಿ ಇಳಿದುಬಿಡುತ್ತೆ."

ಫೋನ್ ಕಟ್ಟಾಯಿತು. ರುದ್ರೇಶ ರಿಸೀವರನ್ನು ಕೆಳಗಿಟ್ಟ. "ಲೈನ್ ಸರಿ ಇಲ್ಲ ಅನ್ಸುತ್ತೆ" ಎಂದ.

ಬೆಂಗಳೂರಿಗೆ ನಮ್ಮೂರಿಂದ ಇಷ್ಟು ಕ್ಲಿಯರ್ ಲೈನ್ ಸಿಕ್ಕಿದ್ದನ್ನು ನಾನಂತೂ ಈವರೆಗೆ ಕೇಳಿರಲಿಲ್ಲ.