ಕೈಗೆ ಕೊಡದ ಗುದ್ದಲಿ

ನಮ್ಮೂರ ತಿಮ್ಮರಾಯಪ್ಪಣ್ಣನ ಹತ್ತಿರ ಹರೂರು ಸಂತೆಯಲ್ಲೂ ಸಿಗದಷ್ಟು ಗುದ್ದಲಿ, ಕುಡುಗೋಲು, ಹಾರೆಗಳಿವೆ. ಎರವಲು ಕೇಳಿದರೆ ಮಾತ್ರ ಕಣ್ಣನ್ನೇ ಕೇಳಿದಂತೆ ಬೆಚ್ಚುತ್ತಾನೆ. ‘ಗುದ್ದಲಿ ಕಾವಿಗೆ ನನ್ ಕೈ ಒಗ್ಗೈತೆ ಕಣಮ್ಮ, ಬೇರೆ ಕೈ ಮುಟ್ಟಿದ್ರೆ ಮುನಿಸ್ಕೊಳ್ತದೆ’ ಅನ್ನುತ್ತಾನೆ. ಸಂಜೆ ಎಲ್ಲವನ್ನೂ ತೊಳೆದು, ಹರಳೆಣ್ಣೆ ಸವರಿ, ಮಕ್ಕಳನ್ನು ಮಲಗಿಸುವಂತೆ ಗೋಡೆಗೆ ಒರಗಿಸುತ್ತಾನೆ. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು, ಹೆಂಡತಿಗೂ ಕುಡುಗೋಲನ್ನು ನೆಲದ ಮೇಲಿಟ್ಟೇ ಕೊಡುತ್ತಾನೆ. ‘ಗುದ್ದಲಿಗೊಂದು ಮದ್ವೆ ಮಾಡ್ಬುಡಣ್ಣ’ ಎಂದು ನನ್ನ ಯಜಮಾನರು ಅಣಕಿಸುತ್ತಿದ್ದರು. ಕಳೆದ ಸಂಕ್ರಾಂತಿಯ ತೈ ತಿಂಗಳಲ್ಲಿ ಅವರು ಬಾವಿಯ ಹೂಳು ತೆಗೆಯುತ್ತಿದ್ದಾಗ ದಡ ಕುಸಿದು ಅವರ ಮೇಲೆಯೇ ಬಿತ್ತು. ತಿಮ್ಮರಾಯಪ್ಪಣ್ಣ ಗುದ್ದಲಿಗಳನ್ನೆಲ್ಲ ಹೊತ್ತು ಓಡಿಬಂದು ಸಿಕ್ಕವರ ಕೈಗೇ ತುರುಕಿದ. ಎಲ್ಲರೂ ಅಗೆದರು. ಮಣ್ಣಿನಡಿ ಏನೋ ಮಿಸುಕಾಡಿದ್ದೇ ತಡ, ‘ಕಬ್ಬುಣ ಬಿಸಾಕ್ರಲಾ, ಒಳಗೆ ಮನುಸ ಅವ್ನೆ!’ ಎಂದು ಕಿರುಚಿ, ಬರಿಗೈಯಲ್ಲಿ ಕೆರೆಯತೊಡಗಿದ. ಯಜಮಾನರು ಉಸಿರಾಡುತ್ತಲೇ ಹೊರಬಂದರು. ತಿಮ್ಮರಾಯಪ್ಪಣ್ಣನ ಉಗುರುಗಳು ಕಿತ್ತುಬಂದಿದ್ದವು. ಮರುದಿನ ಗುದ್ದಲಿಗಳನ್ನು ತೊಳೆದು ಒಯ್ದು ಕೈಗೆ ಕೊಡಹೋದೆ. ಆತ ಬಟ್ಟೆ ಸುತ್ತಿದ ಬೆರಳುಗಳನ್ನು ಹಿಂದಕ್ಕೆಳೆದುಕೊಂಡು, ‘ಕೆಳಗಿಡಮ್ಮ, ನಮಗ್ಯಾಕೆ ಜಗಳ?’ ಎಂದ.