ಕಪಾಟಿಗೆ ಕೊಟ್ಟ ವಾಣ

ನಾನು ಅಕ್ಕಲಕೋಟೆಯ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದಾಗ ಅಲ್ಲಿ ಇನ್ನೂ ರಾಜರ ಆಳ್ವಿಕೆ ಇತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಶಾಲೆಯಲ್ಲಿ ಪುಸ್ತಕದ ಕಪಾಟು ಅಂತ ಒಂದೇ ಒಂದಿತ್ತು. ವರ್ಷಕ್ಕೊಮ್ಮೆ ‘ಪುಸ್ತಕದ ಹಬ್ಬ’ ಮಾಡಿ ಅದರ ಬೀಗ ತೆಗೆಯುತ್ತಿದ್ದರು. ನಾವು ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಪೇಟೆಯಲ್ಲಿ ಮೆರವಣಿಗೆ ಹೋಗಬೇಕು, ರುಮಾಲು ಸುತ್ತಿದ ಹಿರಿಯರು ಕುರ್ಚಿಯ ಮೇಲೆ ಕೂತು ಓದಿನ ಮಹಿಮೆ ಕೊಂಡಾಡಬೇಕು, ಪುಸ್ತಕಗಳು ಮತ್ತೆ ಕಪಾಟು ಸೇರಬೇಕು. ಓದುವುದೊಂದು ಬಿಟ್ಟು ಎಲ್ಲಾ ಆಗುತ್ತಿತ್ತು! ಒಂದನ್ನು ಮನೆಗೆ ತರುತ್ತೇನೆ ಅಂದರೆ ಅವ್ವನೇ ಅಡ್ಡ ಬರುತ್ತಿದ್ದಳು.

“ನೀ ಪುಸ್ತಕ ಹಿಡಕೊಂಡು ಕುಂತ್ರ ರೊಟ್ಟಿ ನಿಮ್ಮಪ್ಪ ಬಡೀತಾನೇನು?”

ಎಲ್ಲ ಮನೆಯಲ್ಲೂ ಇದೇ ಮಾತು. ನಮಗೆ ಕಲಿಸುತ್ತಿದ್ದ ಅಕ್ಕೋರು ಸೋಲಾಪುರದ ವ್ಯಾಪಾರಸ್ಥರ ಮಗಳು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದರು. ಹಟ ಹಿಡಿದು ಓದಿ, ನಮ್ಮೂರಿಗೆ ಕಲಿಸಲು ಬಂದಿದ್ದರು. ಸದಾ ಬಿಳಿ ಸೀರೆ. ಆ ವರ್ಷ ಅವರಿಗೆ ಕೆಟ್ಟ ಸುದ್ದಿ ಮುಟ್ಟಿತು. ರಥಸಪ್ತಮಿಯ ಮರುದಿನ ದಿಪೋಟಿ ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರೆ. ಯಾರೂ ಓದದ ಪುಸ್ತಕ ಇಲ್ಲೇಕೆ ಎಂದು ಕಪಾಟನ್ನು ಗಂಡುಹುಡುಗರ ಶಾಲೆಗೆ ಸಾಗಿಸುತ್ತಾರೆ. ಆ ಕಪಾಟೆಂದರೆ ಅಕ್ಕೋರಿಗೆ ಜೀವ. ತಾಯಂದಿರು ಒಪ್ಪದೆ ಪುಸ್ತಕ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಒಂದು ಉಪಾಯ ಹೂಡಿದರು.

ನಮ್ಮ ಕಡೆ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಅರಿಶಿನ ಕುಂಕುಮ. ಬಂದ ಮುತ್ತೈದೆಯರಿಗೆ ಎಳ್ಳುಬೆಲ್ಲದ ಜೊತೆ ಬಾಚಣಿಕೆಯೋ ಬಟ್ಟಲೋ ಒಂದು ವಾಣ ಕೊಡುತ್ತಾರೆ. ವಾಣವನ್ನು ಬೇಡ ಅನ್ನುವಂತಿಲ್ಲ. ಅಕ್ಕೋರು ಪುಸ್ತಕದ ಹಬ್ಬವನ್ನು ಸಂಕ್ರಾಂತಿಗೇ ತಂದು, ಕುರ್ಚಿಯ ಗಂಡಸರಿಗೆ ರಜೆ ಕೊಟ್ಟು, ಊರಿನ ಹೆಂಗಸರನ್ನು ಶಾಲೆಯ ಅಂಗಳಕ್ಕೆ ಕರೆದರು. ಕುಂಕುಮ ಹಚ್ಚಿದವರು ನಾವು, ಹುಡುಗಿಯರು. ಅಕ್ಕೋರು ಬಾಗಿಲ ಹಿಂದೆ ನಿಂತು ಒಂದೊಂದೇ ಪುಸ್ತಕ ನಮ್ಮ ಕೈಗೆ ದಾಟಿಸುತ್ತಿದ್ದರು. ಅವ್ವ ಉಡಿಯಲ್ಲಿ ಬಿದ್ದ ದಪ್ಪ ಪುಸ್ತಕವನ್ನು ನೋಡಿದಳು, ನನ್ನನ್ನು ನೋಡಿದಳು, ಉಡಿ ಕಟ್ಟಿಕೊಂಡು ಮನೆಗೆ ನಡೆದಳು. ಸಂಜೆಗೆ ಕಪಾಟು ಖಾಲಿ. ಅಕ್ಕೋರು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು.

“ಓದಿ ಆದ ಮ್ಯಾಲೆ ಹೊಳ್ಳಿ ತರಬೇಕಂತ ಮನ್ಯಾಗ ಹೇಳ್ರಿ,” ಎಂದು ಮರುದಿನ ನಮಗೆ ಹೇಳಿದರು. ನಾನು ಹೇಳಿದೆ. ಅಪ್ಪನ ತಾಯಿ, ನಮ್ಮ ಆಯಿ, ಭಗ್ಗನೆ ಉರಿದುಬಿದ್ದಳು.

“ವಾಣ ಹೊಳ್ಳಿ ಕೊಡೂದಾ? ಯಾವ ಊರಾಗ ಕಂಡೀದಿ? ಮುತ್ತೈದಿತನಾನ ಹೊಳ್ಳಿ ಕೊಟ್ಟಂಗ ಆಗ್ತೈತಿ! ಮುಂದ ಇನ್ನೊಬ್ಬಾಕಿಗೆ ಕೊಡಬೌದು. ಹಿಂದ ಕೊಡಾಕ ಬರೂದಿಲ್ಲ.”

ಊರಿಗೆ ಊರೇ ಇದನ್ನೇ ಹೇಳಿತು. ಅಕ್ಕೋರು ತಲೆಯ ಮೇಲೆ ಕೈ ಹೊತ್ತು ಕೂತರು. ಪಾಪ, ಅವರಿಗೆ ಹೇಗೆ ಗೊತ್ತಿರಬೇಕು? ಬುದ್ಧಿ ಬಂದಾಗಿನಿಂದ ಅರಿಶಿನ ಕುಂಕುಮದ ಸಾಲಿನಲ್ಲಿ ಅವರನ್ನು ಯಾರೂ ಕೂರಿಸಿರಲಿಲ್ಲ. ವಾಣ ಬೇಡ ಅನ್ನಬಾರದು ಎಂಬುದು ಅವರಿದ್ದ ಒಳಕೋಣೆಯವರೆಗೆ ಕೇಳಿಸಿತ್ತು, ಮರಳಿ ಕೊಡಬಾರದು ಎಂಬುದು ಕೇಳಿಸಿರಲಿಲ್ಲ. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ.

ಆದರೆ ಪುಸ್ತಕಗಳಿಗೆ ಮಾತ್ರ ಕಾಲು ಬಂದವು. ನಮ್ಮ ಪಾಲಿನದರಲ್ಲಿ ಒಬ್ಬ ಸಾವುಕಾರನ ಮಗಳು ಕಳೆದುಹೋದ ಅಣ್ಣನನ್ನು ಹುಡುಕಲು ಪೆಟ್ಟಿಗೆಯೊಳಗೆ ಅಡಗಿ ಒಂಟೆಯ ಮೇಲೆ ಹೊರಟಿದ್ದಳು. ಅವ್ವ ರೊಟ್ಟಿ ಬಡಿಯುವಾಗ ನಾನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಪೆಟ್ಟಿಗೆ ಇನ್ನೇನು ತೆರೆಯಬೇಕು, ಅಷ್ಟರಲ್ಲಿ ನಮ್ಮ ಮನೆಯ ಅರಿಶಿನ ಕುಂಕುಮ ಬಂತು. ಅವ್ವ ಪುಸ್ತಕವನ್ನು ಪಕ್ಕದ ಮನೆಯಾಕೆಗೆ ವಾಣ ಕೊಟ್ಟು ಕೈ ತೊಳೆದುಕೊಂಡಳು.

“ಅಯ್ಯ ನಿನ್ನ! ಪೆಟಗಿ ತಗಿಯೂತನಕ ತಡಕೊಳ್ಳಾಕ ಆಗಲಿಲ್ಲೇನ?” ಎಂದು ಆಯಿ ಸೊಸೆಯ ಮೇಲೆ ಹರಿಹಾಯ್ದಳು. ಮರುದಿನ ತಾನೇ ಪಕ್ಕದ ಮನೆಗೆ ಹೋದಳು. ಪುಸ್ತಕ ಆಗಲೇ ಅವರ ನಾದಿನಿಯ ಉಡಿ ಸೇರಿ ಭಂಡಾರಕವಠೆಗೆ ಹೋಗಿತ್ತು. ಆ ಊರಿಗೆ ಹೊರಟ ಗಾಡಿಯವನ ಕೈಯಲ್ಲಿ ಆಯಿ ಹೇಳಿ ಕಳಿಸಿದಳು, ಪೆಟ್ಟಿಗೆಯ ಹುಡುಗಿ ಏನಾದಳು ಕೇಳಿಕೊಂಡು ಬಾ ಎಂದು. ಅವನು ಬಂದು, “ಅವರೂ ಇನ್ನ ಅಲ್ಲೀತನಕ ಮುಟ್ಟಿಲ್ಲಂತರೀ ಆಯೀ,” ಅಂದ.

ಊರಲ್ಲೆಲ್ಲ ಇದೇ ಗದ್ದಲ. ಓದು ಬಲ್ಲ ಹುಡುಗಿಯರಿಗೆ ಬಂತು ನೋಡಿ ಬೆಲೆ! ಮನೆಮನೆಗೆ ಕರೆದು, ಎಳ್ಳುಂಡೆ ಕೈಗಿಟ್ಟು, ಓದು ಅನ್ನುತ್ತಿದ್ದರು. ಬೇಡ ಅನ್ನುತ್ತಿದ್ದ ತಾಯಂದಿರೇ ಪುಸ್ತಕದ ಬೆನ್ನುಹತ್ತಿದ್ದರು.

ರಥಸಪ್ತಮಿಯ ಹಿಂದಿನ ದಿನ ಅಕ್ಕೋರು ನಮ್ಮ ಮನೆಗೆ ಬಂದರು. ಕಣ್ಣು ಕೆಂಪಾಗಿದ್ದವು. ಖಾಲಿ ಕಪಾಟು ಕಂಡರೆ ಸಾಹೇಬರು ನಾಡಿದ್ದೇ ಅದನ್ನು ಎತ್ತಿಸುತ್ತಾರೆ ಎಂದು ಆಯಿಗೆ ಹೇಳಿದರು.

“ಕಪಾಟ ಹ್ವಾದ್ರ ನಮ್ಮ ಪೆಟಗಿ ತಗಿಯೂದ್ಯಾವಾಗ?” ಅಂದಳು ಆಯಿ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. “ಹಿಂದ ಕೊಡಾಕ ಬರೂದಿಲ್ಲ ಖರೆ. ಮುಂದ ಕೊಡಾಕ ಬರ್ತೈತೆಲ್ಲ. ನಾಳಿ ಸಾಲಿ ಬಾಗಲಾ ತಗದಿಡ್ರಿ.”

ಮರುದಿನ ಆಯಿ ಮುಂದೆ, ಪುಸ್ತಕ ಹಿಡಿದ ಊರ ಹೆಂಗಸರು ಹಿಂದೆ. ಆಯಿ ಹೇಳಿ ಕಳಿಸಿದ್ದಕ್ಕೆ ಭಂಡಾರಕವಠೆಯ ಪುಸ್ತಕವೂ ಗಾಡಿಯಲ್ಲಿ ಬಂದಿತ್ತು, ಹಾಳೆಗಳ ನಡುವೆ ಎಳ್ಳು ಸಿಕ್ಕಿಸಿಕೊಂಡು. ಆಯಿ ನೇರ ಕಪಾಟಿನ ಮುಂದೆ ನಿಂತು ಅದರ ಕದಕ್ಕೆ ಅರಿಶಿನ ಕುಂಕುಮ ಹಚ್ಚಿದಳು.

“ಇಕಿನೂ ಮುತ್ತೈದಿನ. ಇಕೀಗೆ ನಮ್ಮ ವಾಣ!” ಎಂದಳು. ಹೆಂಗಸರೆಲ್ಲ ಹೋ ಎಂದು ನಕ್ಕರು. ಆಯಿ ಬಾಗಿಲ ಹಿಂದೆ ನಿಂತಿದ್ದ ಅಕ್ಕೋರ ಕಡೆ ತಿರುಗಿದಳು. “ಕಪಾಟಿಗೆ ಉಡಿ ಎಲ್ಲೈತಿ? ಬರ್ರಿ, ನೀವು ಸೆರಗ ಒಡ್ರಿ.”

ಅಕ್ಕೋರು ಹಿಂದೆ ಸರಿದರು. “ನಾ ವಾಣ ತಗೋಬಾರದ್ರೀ ಆಯೀ.”

“ನಿಮಗ ಯಾರು ಕೊಡಾಕತ್ಯಾರ? ಕಪಾಟಿಗೆ ಕೊಡಾಕತ್ತೀವಿ. ಲಗು ಬರ್ರಿ, ನನ್ನ ಮೊಣಕಾಲು ನೋಯಾಕತ್ತಾವು.”

ಅಕ್ಕೋರು ಬಂದರು. ಸೆರಗು ಒಡ್ಡಿದರು. ಒಬ್ಬೊಬ್ಬರೂ ಪುಸ್ತಕಕ್ಕೆ ಕುಂಕುಮ ಹಚ್ಚಿ ಆ ಸೆರಗಿಗೆ ಹಾಕುತ್ತಾ ಹೋದರು. ತುಂಬಿದ ಹಾಗೆ ನಾವು ಕಪಾಟಿಗೆ ಜೋಡಿಸುತ್ತಾ ಹೋದೆವು. ಅಕ್ಕೋರು ಅಳುತ್ತಿದ್ದರು, ನಗುತ್ತಲೂ ಇದ್ದರು.

ಮರುದಿನ ದಿಪೋಟಿ ಸಾಹೇಬರು ಬಂದು ಒಂದು ಪುಸ್ತಕ ಬಿಚ್ಚಿದರು. ಅವರ ಕೋಟಿನ ಮೇಲೆ ಎಳ್ಳು ಉದುರಿತು. ಇವನ್ನು ಯಾರು ಓದುತ್ತಾರೆ ಎಂದು ಕೇಳಿದರು. ಬಾಗಿಲಲ್ಲಿ ಕೂತಿದ್ದ ಆಯಿ, “ಕಪಾಟ ಒಯ್ರಿ ಸಾಹೇಬ್ರ, ಆದ್ರ ಪೆಟಗ್ಯಾಗಿನ ಹುಡುಗಿ ಏನಾದ್ಲಂತ ಹೇಳಿ ಒಯ್ರಿ,” ಅಂದಳು. ಸಾಹೇಬರು ನಕ್ಕುಬಿಟ್ಟರು. ಕಪಾಟು ಉಳಿಯಿತು.

ಅಕ್ಕೋರು ಅಂದು ಉಟ್ಟಿದ್ದುದು ಹಿಂದಿನ ದಿನದ ಬಿಳಿ ಸೀರೆಯನ್ನೇ. ಸೆರಗಿನ ತುಂಬ ಅರಿಶಿನ ಕುಂಕುಮದ ಕಲೆ. ಅವರು ಅದನ್ನು ತೊಳೆದಿರಲಿಲ್ಲ. ಮುಂದೆ ಪ್ರತಿ ರಥಸಪ್ತಮಿಗೂ ಅದೇ ಸೀರೆ ಉಟ್ಟು ಬಂದು, ಕರೆಯುವ ಮೊದಲೇ ಸೆರಗು ಒಡ್ಡಿ ನಿಲ್ಲುತ್ತಿದ್ದರು.