ಹತ್ತಿ ಕಟ್ಟಿಗೆಯ ಇದ್ದಿಲು, ಲಡಿ ತೊಳೆದ ನೀರು

ಗಜೇಂದ್ರಗಡದಲ್ಲಿ ನಮ್ಮದು ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವ ಮನೆ. ಮದುವೆಯಾಗಿ ಬಂದ ಹೊಸದರಲ್ಲೇ ನನ್ನ ಅಂಗೈ ಕೆಂಪಾಯಿತು. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಗಟಾರದ ಬಗ್ಗೆ. ಬಣ್ಣ ಹಾಕಿದ ನೂಲಿನ ಕಟ್ಟು, ಅಂದರೆ ಲಡಿ, ತೊಳೆದ ನೀರು ಹಿತ್ತಲಿನಿಂದ ಹರಿದು ಓಣಿಯ ತಗ್ಗಿನಲ್ಲಿ ನಿಲ್ಲುತ್ತಿತ್ತು, ಒಮ್ಮೆ ನೀಲಿಯಾಗಿ, ಒಮ್ಮೆ ಕುಂಕುಮದಂತೆ ಕೆಂಪಾಗಿ.

ಬೇಸಿಗೆಯ ಒಂದು ಮುಂಜಾನೆ ಪಕ್ಕದ ಮನೆಯ ಮುದುಕಿ ಆಯಿ ತನ್ನ ಬಿಳಿ ಕರುವನ್ನು ಎಳೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಅದು ತಗ್ಗಿನಲ್ಲಿ ಮಲಗಿ ಎದ್ದು ಬಂದಿತ್ತು. ಒಂದು ಮಗ್ಗಲು ಪೂರ್ತಿ ಗುಲಾಬಿ.

"ಹೋಳಿ ಹುಣ್ಣಿವಿ ಆಗಿ ತಿಂಗಳಾತು. ಇದಕ್ಕ ಇವತ್ತ ಯಾರ ಬಣ್ಣ ಉಗ್ಗಿದ್ರು, ಕೇಳ್ರಿ ನಿಮ್ಮ ಸೊಸಿನ್ನ!" ಎಂದು ನನ್ನ ಅತ್ತೆಗೆ ಹೇಳಿದಳು.

ಅತ್ತೆಗೆ ನಗು ತಡೆಯಲಾಗಲಿಲ್ಲ. ಅವರನ್ನು ನೋಡಿ ಆಯಿಯೂ ಸಿಟ್ಟಿನಲ್ಲೇ ನಕ್ಕುಬಿಟ್ಟಳು. ಕರುವನ್ನು ನಾನೇ ಸೋಪು ಹಚ್ಚಿ ತೊಳೆದೆ. ಇದು ಆ ನೀರನ್ನು ಕುಡಿದಿದ್ದರೆ ಏನು ಗತಿ ಎಂಬ ಯೋಚನೆ ಮಾತ್ರ ನನ್ನನ್ನು ಬಿಡಲಿಲ್ಲ.

ನನ್ನ ತವರು ಯಾವಗಲ್. ಅಲ್ಲಿ ಅಣ್ಣ ಹತ್ತಿ ಬೆಳೆಯುತ್ತಾನೆ. ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಎಲ್ಲರಂತೆ ಅವನೂ ಹೊಲದಲ್ಲೇ ಸುಟ್ಟು ಬೂದಿ ಮಾಡುತ್ತಿದ್ದ. ಆಗಷ್ಟೇ ಒಂದು ತರಬೇತಿಗೆ ಹೋಗಿ, ಅದನ್ನು ಮುಚ್ಚಿದ ಡ್ರಮ್ಮಿನಲ್ಲಿ ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡುವುದನ್ನು ಕಲಿತು ಬಂದಿದ್ದ. ಅದಕ್ಕೆ ಬಯೋಚಾರ್ ಎನ್ನುತ್ತಾರಂತೆ. ಹೊಲಕ್ಕೆ ಹಾಕಿದರೆ ಹಸಿ ಹಿಡಿಯುತ್ತದೆ, ಹೊಲಸು ನೀರನ್ನು ಅದರೊಳಗಿಂದ ಹಾಯಿಸಿದರೆ ಹೊಲಸನ್ನೂ ಹಿಡಿಯುತ್ತದೆ ಎಂದು ಅವನು ಹೇಳಿದ್ದು ನೆನಪಾಗಿ ಫೋನು ಮಾಡಿದೆ.

"ಅಣ್ಣಾ, ಹೊಲಸ ಹಿಡಿಯೂದು ಬಣ್ಣಾ ಹಿಡಿಯಂಗಿಲ್ಲೇನು?"

"ನನಗೇನ ಗೊತ್ತ ತಂಗಿ? ಮಾಡಿ ನೋಡೂಣು."

ಅದೇ ವಾರ ಇದ್ದಿಲಿನ ಚೀಲಗಳನ್ನು ಬಸ್ಸಿಗೆ ಹೇರಿಕೊಂಡು ಬಂದ. ಪಕ್ಕದಲ್ಲಿ ಕುಳಿತವರ ಧೋತರ ಕಪ್ಪಾಗಿ, ಅವರು ರೋಣದಲ್ಲಿ ಇಳಿಯುವವರೆಗೂ ಬೈಸಿಕೊಂಡನಂತೆ.

ಕೆಳಗೆ ನಳವಿದ್ದ ಒಂದು ಬ್ಯಾರಲ್ಲಿನ ತಳಕ್ಕೆ ಹರಳುಕಲ್ಲು, ಅದರ ಮೇಲೆ ಉಸುಕು, ಮೇಲೆ ಪುಡಿ ಮಾಡಿದ ಇದ್ದಿಲು ತುಂಬಿ ಕೆಂಪು ನೀರು ಸುರಿದೆವು. ನಳದಿಂದ ಬಂದದ್ದು ಮಸಿ!

"ಬೀಗರ, ಕೆಂಪ ಹೋಗಿ ಕರೇದ ಬಂತಲ್ರಿ! ಆಯಿ ಕರಾ ಇನ್ನ ಎಮ್ಮಿ ಆಗಿ ಬರತೈತಿ!" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ಅಣ್ಣನ ಮುಖ ಸಣ್ಣದಾಯಿತು. ಊಟಕ್ಕೆ ರೊಟ್ಟಿ ಬಡಿಸುವಾಗ ನನಗೆ ಹೊಳೆಯಿತು: ಲಡಿಯನ್ನಾದರೆ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯುತ್ತೇವೆ, ಇದ್ದಿಲನ್ನು ತೊಳೆದೇ ಇಲ್ಲವಲ್ಲ! ಸಂಜೆಯವರೆಗೆ ಮೂವರೂ ಕೂತು ತೊಳೆದೆವು. ಮೊಣಕೈವರೆಗೆ ಕಪ್ಪಾಗಿ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಮರುದಿನ ಮುಂಜಾನೆ ಸಣ್ಣ ಧಾರೆಯಾಗಿ ಕೆಂಪು ನೀರು ಬಿಟ್ಟೆವು. ನಳದ ಕೆಳಗೆ ಅತ್ತೆ ಗಾಜಿನ ಲೋಟ ಹಿಡಿದು, ತುಂಬಿದ ಮೇಲೆ ಬಿಸಿಲಿಗೆ ಎತ್ತಿ ನೋಡಿದರು.

"ಆಚಿ ಕಡೆ ನನ್ನ ಬೆರಳ ಕಾಣಾಕತ್ತಾವಲ್ಲವ್ವ!"

ಅಣ್ಣ ಅಂಗಳದಲ್ಲಿ ಒಂದು ಸುತ್ತು ಕುಣಿದೇಬಿಟ್ಟ. ಕೂಗಿ ಕರೆದ ಮೇಲೆ ಬಂದ ಆಯಿ ಲೋಟ ಮೂಸಿ, "ಬಾವಿ ನೀರ ತುಂಬಿ ತೋರಸಾಕತ್ತೀರೇನು?" ಎಂದಳು. ಅವಳ ಎದುರಿಗೇ ನೀಲಿ ನೀರು ಸುರಿದೆವು. ನೀಲಿ ಹಟಮಾರಿ, ಮೊದಲ ಸಲ ಇನ್ನೂ ತಿಳಿನೀಲಿಯಾಗಿಯೇ ಇಳಿಯಿತು. ಮತ್ತೊಮ್ಮೆ ಹಾಯಿಸಿದಾಗ ಬಣ್ಣ ಹೋಯಿತು. ಆಯಿ "ಖರೇ ಐತಿ ಬಿಡ್ರಿ" ಎಂದು ಎದ್ದು ಹೋದವಳು, ಒಂದು ಬೋಗುಣಿ ತುಂಬ ಗೋಧಿಯ ಸಿಹಿ ಮಾದಲಿ ಹಾಕಿ, ಮೇಲೆ ತುಪ್ಪ ಸುರಿದುಕೊಂಡು ಬಂದಳು. ಕಟ್ಟೆಯ ಮೇಲೆ ಕೂತು ಎಲ್ಲರೂ ತಿಂದೆವು.

ಆ ನೀರು ಕುಡಿಯುವುದಕ್ಕಲ್ಲ. ಲಡಿಯ ಮೊದಲ ತೊಳೆತಕ್ಕೆ ಮತ್ತೆ ಬಳಸುತ್ತೇವೆ. ಬಣ್ಣ ಕುಡಿದ ಇದ್ದಿಲನ್ನು ಹೊಲಕ್ಕೆ ಹಾಕದೆ ಬೇರೆಯಾಗಿ ಕೂಡಿಡುತ್ತೇವೆ. ಈಗ ಓಣಿಯ ಉಳಿದ ಬಣ್ಣದ ಮನೆಗಳಲ್ಲೂ ಬ್ಯಾರಲ್ಲುಗಳು ನಿಂತಿವೆ. ಅವನ್ನು ನೋಡಿಕೊಳ್ಳುವವರು ಅತ್ತೆ. ಮುಂಜಾನೆ ಚಹಾ ಕುಡಿದು ಮನೆಯಿಂದ ಮನೆಗೆ ಹೋಗಿ, ಯಾರಾದರೂ ಭರಭರ ಸುರಿಯುತ್ತಿದ್ದರೆ ಬಾಗಿಲಲ್ಲೇ ನಿಂತು, "ಸಾವಕಾಶ ಬಿಡ್ರಿ, ಇದ್ದಿಲಿಗೂ ಕುಡಿಯಾಕ ಟೈಮ್ ಬೇಕಲ್ಲ!" ಎಂದು ಗದರಿಸುತ್ತಾರೆ.